ರೇಗನ್ ನೇಮಿಸಿದ ಜಡ್ಜ್ ಎಂದರೆ ಮುಗಿಯಿತೇ? ಅಮೆರಿಕದ ಫೆಡರಲ್ ವಿಚಾರಣಾ ನ್ಯಾಯಾಧೀಶರ ವೃತ್ತಿಬದುಕನ್ನು ಓದುವ ಬಗೆ

2025ರ ಜನವರಿ 23ರಂದು ಸಿಯಾಟಲ್‌ನ ನ್ಯಾಯಾಲಯದಲ್ಲಿ 83 ವರ್ಷದ ನ್ಯಾಯಾಧೀಶರೊಬ್ಬರು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಆದೇಶವೊಂದನ್ನು ತಡೆದರು. ಮೂರು ದಿನ ಮೊದಲು ಹೊರಬಿದ್ದಿದ್ದ ಆದೇಶ ಅದು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಅಮೆರಿಕದ ನಾಗರಿಕನೋ ಗ್ರೀನ್ ಕಾರ್ಡ್ ಪಡೆದವನೋ ಅಲ್ಲದಿದ್ದರೆ, ಅಲ್ಲೇ ಹುಟ್ಟಿದ ಮಗುವಿಗೂ ಪೌರತ್ವವಿಲ್ಲ ಎಂದು ಅದು ಹೇಳುತ್ತಿತ್ತು. ಎಚ್-1ಬಿ ವೀಸಾದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದಲೋ ದಾವಣಗೆರೆಯಿಂದಲೋ ಹೊರಟು ನಿಂತಿದ್ದ ಅಜ್ಜಿಯರೂ ಸಿಯಾಟಲ್ ಎಲ್ಲಿದೆ ಎಂದು ಕೇಳಿ ತಿಳಿದುಕೊಂಡರು.

ಸುದ್ದಿಯ ಎರಡನೆಯ ಸಾಲಿನಲ್ಲೇ ನ್ಯಾಯಾಧೀಶರಿಗೆ ಒಂದು ಹಣೆಪಟ್ಟಿ ಅಂಟಿತ್ತು: ‘ರೊನಾಲ್ಡ್ ರೇಗನ್ ನೇಮಿಸಿದವರು’. ರೇಗನ್ ಎಂದರೆ 1980ರ ದಶಕದ ರಿಪಬ್ಲಿಕನ್ ಅಧ್ಯಕ್ಷರು; ಟ್ರಂಪ್ ಅವರದೂ ಅದೇ ಪಕ್ಷ. ಅಮೆರಿಕದ ಪತ್ರಿಕೆಗಳಿಗೆ ಇಂಥ ಹಣೆಪಟ್ಟಿ ರೂಢಿ. ಇಲ್ಲಿ ಸುದ್ದಿ ಅನುವಾದಿಸುವವರೂ ಅದನ್ನೇ ಎತ್ತಿಕೊಳ್ಳುತ್ತೇವೆ. ಸುದ್ದಿಮನೆಯ ಮೇಜಿನಲ್ಲಿ ವರ್ಷಗಟ್ಟಲೆ ನಾನೂ ಹಾಗೇ ಮಾಡಿದವನು. ಒಮ್ಮೆ ಇಂಥದೇ ಒಂದು ಸುದ್ದಿಯಲ್ಲಿ ‘ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರ ಆದೇಶಕ್ಕೆ ತಡೆ ನೀಡಿದ್ದಾರೆ’ ಎಂದು ಬರೆದಿದ್ದೆ. ತುಮಕೂರಿನಲ್ಲಿ ವಕೀಲಿಕೆ ಮಾಡುವ ನಮ್ಮ ಭಾವ ಬೆಳಿಗ್ಗೆಯೇ ಫೋನ್ ಮಾಡಿದರು. ‘ಏನಪ್ಪಾ, ಜಿಲ್ಲಾ ಜಡ್ಜು ರಾಷ್ಟ್ರಾಧ್ಯಕ್ಷರ ಆದೇಶವನ್ನು ತಡೆಯುವುದುಂಟೇ? ಹೈಕೋರ್ಟ್ ಎಂದು ಬರೆಯುವ ಕಡೆ ಕೈ ತಪ್ಪಿರಬೇಕು, ನೋಡು.’ ಕೈ ತಪ್ಪಿರಲಿಲ್ಲ. ಆದರೆ ಓದಿದವರಿಗೆ ಅರ್ಥವಾಗುವಂತೆಯೂ ನಾನು ಬರೆದಿರಲಿಲ್ಲ.

ಆಮೇಲಿನಿಂದ ಇಂತಹ ಹೆಸರೊಂದು ಎದುರಾದರೆ ನಾನು ಒಂದು ಕ್ರಮದಲ್ಲಿ ಹುಡುಕುತ್ತೇನೆ. ಆ ಕ್ರಮವೇ ಈ ಲೇಖನ. ಸಿಯಾಟಲ್‌ನ ಆ ಹಿರಿಯರು, ಜಾನ್ ಕೂಗೆನೌರ್, ನಮಗೆ ಇಲ್ಲಿ ಉದಾಹರಣೆ. ನಡುನಡುವೆ ಬೇರೆಯವರೂ ಬಂದು ಹೋಗುತ್ತಾರೆ. ಒಂದು ಸಂಜೆಯ ಬಿಡುವು ಇದ್ದರೆ ಸಾಕು, ಖರ್ಚು ಹೆಚ್ಚುಕಡಿಮೆ ಇಲ್ಲ.

ಮೊದಲ ಹೆಜ್ಜೆ: ಯಾವ ಕೋರ್ಟ್, ಯಾವ ಜಡ್ಜ್?

ನಮ್ಮಲ್ಲಿ ನ್ಯಾಯಾಲಯಗಳದು ಒಂದೇ ಏಣಿ. ಕಾನೂನು ವಿಧಾನಸೌಧದಲ್ಲಿ ಆದದ್ದಾಗಲಿ ಸಂಸತ್ತಿನಲ್ಲಿ ಆದದ್ದಾಗಲಿ, ದಾವೆ ತಾಲ್ಲೂಕಿನಲ್ಲೋ ಜಿಲ್ಲೆಯಲ್ಲೋ ಶುರುವಾಗಿ ಹೈಕೋರ್ಟ್ ದಾಟಿ ದೆಹಲಿ ತಲುಪುತ್ತದೆ. ಅಮೆರಿಕದಲ್ಲಿ ಎರಡು ಏಣಿಗಳು ಅಕ್ಕಪಕ್ಕ ನಿಂತಿವೆ. ವಿಚ್ಛೇದನ, ಮನೆ ಬಾಡಿಗೆಯ ಜಗಳ, ಅತಿವೇಗದ ಚಾಲನೆ, ಬಹುಪಾಲು ಕೊಲೆ ಪ್ರಕರಣಗಳು ರಾಜ್ಯದ ಏಣಿಗೆ ಸೇರಿದವು. ಸಂವಿಧಾನ, ಅಮೆರಿಕದ ಸಂಸತ್ತು ಮಾಡಿದ ಕಾಯ್ದೆಗಳು, ಕೇಂದ್ರ ಸರ್ಕಾರವೇ ಕಕ್ಷಿದಾರನಾದ ಮೊಕದ್ದಮೆಗಳು, ಬೇರೆ ಬೇರೆ ರಾಜ್ಯಗಳ ಕಕ್ಷಿಗಳ ನಡುವೆ 75,000 ಡಾಲರ್‌ಗೂ ಹೆಚ್ಚಿನ ವ್ಯಾಜ್ಯಗಳು ಫೆಡರಲ್ ಏಣಿಗೆ ಬರಬಹುದು. ಡಲ್ಲಾಸ್‌ನಲ್ಲಿರುವ ನಿಮ್ಮ ತಮ್ಮನಿಗೆ ವಾಹನ ಚಾಲನೆಯ ದಂಡ ಬಿದ್ದರೆ ಅದು ರಾಜ್ಯದ ಬಾಬತ್ತು. ಪೌರತ್ವದ ಸಂದರ್ಶನ ಮುಗಿದು 120 ದಿನ ಕಳೆದರೂ ಇಲಾಖೆ ಏನನ್ನೂ ಹೇಳದಿದ್ದರೆ, ಅವನು ಅರ್ಜಿ ಹಾಕಬೇಕಾದದ್ದು ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ.

ಫೆಡರಲ್ ಏಣಿಯ ಕೆಳಗಿನ ಮೆಟ್ಟಿಲಲ್ಲಿ 94 ಜಿಲ್ಲಾ ನ್ಯಾಯಾಲಯಗಳಿವೆ. ಅದರ ಮೇಲೆ 13 ಮೇಲ್ಮನವಿ ನ್ಯಾಯಾಲಯಗಳು, ತುದಿಯಲ್ಲಿ ಸುಪ್ರೀಂ ಕೋರ್ಟ್. ಸಾಕ್ಷಿ ಕಟಕಟೆ ಹತ್ತುವುದು, ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ತಂಡವಾದ ಜ್ಯೂರಿ ಕೂರುವುದು, ಶಿಕ್ಷೆಯ ವರ್ಷಗಳನ್ನು ಎಣಿಸುವುದು ಎಲ್ಲವೂ ಕೆಳಗಿನ ಮೆಟ್ಟಿಲಲ್ಲೇ. ಇಲ್ಲಿ ‘ಜಿಲ್ಲೆ’ ಎಂದರೆ ನಮ್ಮ ಕೋಲಾರ ಜಿಲ್ಲೆಯಂತಲ್ಲ. ಇಡೀ ಮ್ಯಾಸಚೂಸೆಟ್ಸ್ ರಾಜ್ಯ ಒಂದೇ ಜಿಲ್ಲೆ. ನ್ಯೂಯಾರ್ಕ್ ಮತ್ತು ಟೆಕ್ಸಸ್ ತಲಾ ನಾಲ್ಕು.

ಭಾವನಿಗೆ ಆಶ್ಚರ್ಯವಾದದ್ದು ಪದ ಒಂದೇ ಆಗಿ ಹುದ್ದೆ ಬೇರೆಯಾದದ್ದರಿಂದ. ನಮ್ಮ ಜಿಲ್ಲಾ ನ್ಯಾಯಾಧೀಶರು ಪರೀಕ್ಷೆ ಬರೆದೋ ಬಡ್ತಿ ಪಡೆದೋ ಬರುತ್ತಾರೆ, ಹೈಕೋರ್ಟಿನ ಅಧೀನದಲ್ಲಿರುತ್ತಾರೆ, ವಯಸ್ಸಾದಾಗ ನಿವೃತ್ತರಾಗುತ್ತಾರೆ. ಅಮೆರಿಕದವರನ್ನು ಅಧ್ಯಕ್ಷರು ಸೂಚಿಸಿ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪುತ್ತದೆ. ಪರೀಕ್ಷೆ ಇಲ್ಲ, ನಿವೃತ್ತಿಯ ವಯಸ್ಸೂ ಇಲ್ಲ. ಸಂವಿಧಾನದಲ್ಲಿ ಅರ್ಹತೆಯ ಪಟ್ಟಿಯೇ ಇಲ್ಲ, ಕಾನೂನು ಪದವಿ ಬೇಕೆಂದೂ ಬರೆದಿಲ್ಲ. ಸಂವಿಧಾನದ ಪ್ರಶ್ನೆಯನ್ನು ಕೇಳಿ ಸರ್ಕಾರದ ಕೈ ಹಿಡಿದು ನಿಲ್ಲಿಸುವ ಅಧಿಕಾರವೂ ಅವರಿಗಿದೆ. ಆ ಮಟ್ಟಿಗೆ ನಮ್ಮ ಹೈಕೋರ್ಟಿನ ರಿಟ್ ಪೀಠದ ಕೆಲಸವನ್ನೂ ಸೆಷನ್ಸ್ ಕೋರ್ಟಿನ ಕೆಲಸವನ್ನೂ ಒಬ್ಬರೇ ಮಾಡುತ್ತಾರೆ ಎಂದುಕೊಂಡರೆ ತೀರಾ ತಪ್ಪಾಗದು.

ಇನ್ನೊಂದು ಎಚ್ಚರ. ಫೆಡರಲ್ ಕಟ್ಟಡದಲ್ಲಿ ಕುಳಿತ ಎಲ್ಲರೂ ಜೀವಾವಧಿ ನ್ಯಾಯಾಧೀಶರಲ್ಲ. ಮ್ಯಾಜಿಸ್ಟ್ರೇಟ್ ಜಡ್ಜ್‌ಗಳನ್ನು ಜಿಲ್ಲಾ ನ್ಯಾಯಾಧೀಶರೇ 8 ವರ್ಷಕ್ಕೆ ನೇಮಿಸುತ್ತಾರೆ. ದಿವಾಳಿ ಪ್ರಕರಣಗಳ ಜಡ್ಜ್‌ಗಳ ಅವಧಿ 14 ವರ್ಷ. ಇಮಿಗ್ರೇಷನ್ ಜಡ್ಜ್ ಎಂಬುವರಂತೂ ನ್ಯಾಯಾಂಗದವರೇ ಅಲ್ಲ. ನ್ಯಾಯ ಇಲಾಖೆಯ ನೌಕರರು, ಆ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಅವರ ಕೈಕೆಳಗಿನವರು. ಗಡೀಪಾರಿನ ಆದೇಶವನ್ನು ‘ಫೆಡರಲ್ ನ್ಯಾಯಾಧೀಶರ ತೀರ್ಪು’ ಎಂದು ಬರೆಯುವುದು ನಾನು ಕಂಡ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು.

ಎರಡನೆಯ ಹೆಜ್ಜೆ: ಜಾತಕ ತೆರೆಯುವುದು

ಫೆಡರಲ್ ಜುಡಿಷಿಯಲ್ ಸೆಂಟರ್ ಎಂಬ ಸರ್ಕಾರಿ ಸಂಸ್ಥೆಯ ಜಾಲತಾಣದಲ್ಲಿ 1789ರಿಂದ ಇಂದಿನವರೆಗಿನ ಜೀವಾವಧಿ ನ್ಯಾಯಾಧೀಶರೆಲ್ಲರ ಪರಿಚಯಕೋಶವಿದೆ. ಉಚಿತ. ಹೆಸರು ಹಾಕಿದರೆ ಹತ್ತು ಹನ್ನೆರಡು ಸಾಲು ಬರುತ್ತದೆ. ಹೆಸರು ಸಿಗದಿದ್ದರೂ ಅದೊಂದು ಮಾಹಿತಿಯೇ: ಹೊಸ ನೇಮಕವಲ್ಲದಿದ್ದರೆ ಅವರು ಮೇಲೆ ಹೇಳಿದ ಬೇರೆ ಯಾವುದೋ ಬಗೆಯವರು.

ಕೂಗೆನೌರ್ ಅವರ ಸಾಲುಗಳು ಹೀಗೆ ಸಾಗುತ್ತವೆ. ಜನನ 1941, ಕಾನ್ಸಸ್ ರಾಜ್ಯದ ಪಿಟ್ಸ್‌ಬರ್ಗ್. ಅಯೋವಾ ವಿಶ್ವವಿದ್ಯಾಲಯದಿಂದ 1966ರಲ್ಲಿ ಕಾನೂನು ಪದವಿ. ಅದೇ ವರ್ಷದಿಂದ 1981ರವರೆಗೆ ಸಿಯಾಟಲ್‌ನಲ್ಲಿ ಖಾಸಗಿ ವಕೀಲಿಕೆ; ನಡುವೆ ಕೆಲವು ವರ್ಷ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ. 1981ರಲ್ಲಿ ರೇಗನ್ ಸೂಚನೆ, ಅದೇ ವರ್ಷ ಸೆನೆಟ್ ಒಪ್ಪಿಗೆ. 1997ರಿಂದ 2004ರವರೆಗೆ ಮುಖ್ಯ ನ್ಯಾಯಾಧೀಶ. 2006ರಲ್ಲಿ ಹಿರಿಯ ನ್ಯಾಯಾಧೀಶರ ಸ್ಥಾನ (ಅದೇನೆಂದು ಎಂಟನೆಯ ಹೆಜ್ಜೆಯಲ್ಲಿ ನೋಡೋಣ).

ಇದರಲ್ಲಿ ಓದಬೇಕಾದದ್ದು ಸಾಲುಗಳ ನಡುವೆ ಇದೆ. ನ್ಯಾಯಪೀಠಕ್ಕೆ ಬರುವ ಮುನ್ನ ಏನಾಗಿದ್ದರು? ಸರ್ಕಾರಿ ವಕೀಲರೇ, ಆರೋಪಿಗಳ ಪರ ನಿಂತವರೇ, ದೊಡ್ಡ ಸಂಸ್ಥೆಯಲ್ಲಿ ಕಂಪನಿಗಳ ದಾವೆ ನಡೆಸಿದವರೇ, ರಾಜ್ಯದ ಕೋರ್ಟಿನಲ್ಲಿ ಮೊದಲೇ ತೀರ್ಪು ಬರೆದವರೇ? ಗೂಗಲ್ ವಿರುದ್ಧದ ಏಕಸ್ವಾಮ್ಯದ ದಾವೆಯಲ್ಲಿ 2024ರ ಆಗಸ್ಟ್ 5ರಂದು ತೀರ್ಪು ಕೊಟ್ಟ ಅಮಿತ್ ಮೆಹ್ತಾ ಅವರ ಜಾತಕ ನೋಡಿ. ಗುಜರಾತಿನ ಪಾಟಣದಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಅಮೆರಿಕಕ್ಕೆ ಹೋದವರು ಎಂಬ ಸಾಲಿಗೆ ನಮ್ಮ ಪತ್ರಿಕೆಗಳು ಅಂಟಿಕೊಂಡವು. ಅದರ ಕೆಳಗಿನ ಸಾಲು ನನಗೆ ಹೆಚ್ಚು ಮುಖ್ಯವಾಗಿ ಕಂಡಿತು: 2002ರಿಂದ 2007ರವರೆಗೆ ಅವರು ರಾಜಧಾನಿಯಲ್ಲಿ ಬಡ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲರಾಗಿದ್ದರು.

‘ಮುಖ್ಯ ನ್ಯಾಯಾಧೀಶ’ ಎಂಬುದನ್ನು ಬಡ್ತಿ ಎಂದು ಓದಬೇಡಿ. ಸೇವಾ ಹಿರಿತನದ ಮೇಲೆ, 65 ತುಂಬದವರಿಗೆ, ಹೆಚ್ಚೆಂದರೆ ಏಳು ವರ್ಷಕ್ಕೆ ಸರದಿಯಂತೆ ಬರುವ ಆಡಳಿತದ ಹೊರೆ ಅದು. ಕೂಗೆನೌರ್ ಅವರ 1997–2004 ಎಣಿಸಿ ನೋಡಿ, ಸರಿಯಾಗಿ ಏಳು.

ಮೂರನೆಯ ಹೆಜ್ಜೆ: ಹಣೆಪಟ್ಟಿಯನ್ನು ಸುಲಿದು ನೋಡುವುದು

‘ಇಂಥವರು ನೇಮಿಸಿದ ಜಡ್ಜ್’ ಎಂಬ ಮಾತು ಸುಳ್ಳಲ್ಲ, ಅರ್ಧ ಮಾತು. ಜಿಲ್ಲಾ ನ್ಯಾಯಾಧೀಶರ ಆಯ್ಕೆಯಲ್ಲಿ ಆಯಾ ರಾಜ್ಯದ ಇಬ್ಬರು ಸೆನೆಟರ್‌ಗಳ ಕೈ ದೊಡ್ಡದು. ಸೆನೆಟ್‌ನ ನ್ಯಾಯಾಂಗ ಸಮಿತಿ ಅವರಿಗೆ ನೀಲಿ ಚೀಟಿಯೊಂದನ್ನು ಕಳಿಸುತ್ತದೆ. ಚೀಟಿ ಒಪ್ಪಿಗೆಯೊಂದಿಗೆ ಮರಳದಿದ್ದರೆ ಕಡತ ಅಲ್ಲೇ ಧೂಳು ತಿನ್ನುತ್ತದೆ. ಇದು ಕಾನೂನಲ್ಲ, ನೂರು ವರ್ಷದ ಸಂಪ್ರದಾಯ. ಮೇಲ್ಮನವಿ ನ್ಯಾಯಾಲಯಗಳ ಮಟ್ಟಿಗೆ ಇದನ್ನು ಕೈಬಿಟ್ಟಿದ್ದಾರೆ, ಜಿಲ್ಲಾ ಹುದ್ದೆಗಳಿಗೆ ಇನ್ನೂ ಉಳಿದಿದೆ.

ಇದರ ಫಲ ನೋಡಬೇಕಾದರೆ ಸೋನಿಯಾ ಸೊಟೊಮಯೊರ್ ಅವರನ್ನು ನೋಡಿ. ಇಂದು ಸುಪ್ರೀಂ ಕೋರ್ಟಿನ ಉದಾರವಾದಿ ಬಣದ ಗಟ್ಟಿ ದನಿ. ಅವರನ್ನು ಮೊದಲು ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ಪೀಠಕ್ಕೆ ಸೂಚಿಸಿದ್ದು 1991ರಲ್ಲಿ, ರಿಪಬ್ಲಿಕನ್ ಅಧ್ಯಕ್ಷ ಹಿರಿಯ ಬುಷ್. ಕಾರಣ ಸರಳ: ಸೊಟೊಮಯೊರ್ ಹೆಸರನ್ನು ಕೊಟ್ಟವರು ಡೆಮಾಕ್ರಟಿಕ್ ಸೆನೆಟರ್ ಮೊಯ್ನಿಹಾನ್; ಅದೇ ರಾಜ್ಯದ ರಿಪಬ್ಲಿಕನ್ ಸೆನೆಟರ್ ಜೊತೆ ಮೊಯ್ನಿಹಾನ್‌ಗೆ ಹೆಸರು ಸೂಚಿಸುವುದನ್ನು ಹಂಚಿಕೊಳ್ಳುವ ಒಪ್ಪಂದವಿತ್ತು. 1995ರಲ್ಲಿ ಬೇಸ್‌ಬಾಲ್ ಆಟಗಾರರ ಮುಷ್ಕರದಲ್ಲಿ ಮಾಲೀಕರ ವಿರುದ್ಧ ಆದೇಶ ಕೊಟ್ಟಾಗ ಹಣೆಪಟ್ಟಿಯ ಪ್ರಕಾರ ಅವರು ‘ಬುಷ್ ನೇಮಿಸಿದ ಜಡ್ಜ್’.

ಜಾನ್ ಸಿರಿಕಾ ಇನ್ನೊಬ್ಬರು. ರಿಪಬ್ಲಿಕನ್ ಪಕ್ಷದವರು, 1957ರಲ್ಲಿ ಐಸೆನ್‌ಹೋವರ್ ನೇಮಿಸಿದವರು. ಕಠಿಣ ಶಿಕ್ಷೆಗೆ ಹೆಸರಾಗಿ ‘ಮ್ಯಾಕ್ಸಿಮಮ್ ಜಾನ್’ ಎಂಬ ಅಡ್ಡಹೆಸರು ಬೇರೆ. ವಾಟರ್‌ಗೇಟ್ ಹಗರಣದ ತನಿಖೆಯಲ್ಲಿ, 1973ರ ಆಗಸ್ಟ್‌ನಲ್ಲಿ, ತಮ್ಮದೇ ಪಕ್ಷದ ಅಧ್ಯಕ್ಷ ನಿಕ್ಸನ್‌ಗೆ ಶ್ವೇತಭವನದ ಧ್ವನಿಸುರುಳಿಗಳನ್ನು ತಂದೊಪ್ಪಿಸಿ ಎಂದು ಆದೇಶಿಸಿದವರು ಇವರೇ.

ಹಾಗೆಂದು ಹಣೆಪಟ್ಟಿಗೆ ಬೆಲೆಯೇ ಇಲ್ಲವೆನ್ನಲಾರೆ. ಈಚಿನ ದಶಕಗಳಲ್ಲಿ ನೇಮಕಗಳು ಹೆಚ್ಚು ಪಕ್ಷಬದ್ಧವಾಗಿವೆ. 2013ರ ನವೆಂಬರ್‌ನಲ್ಲಿ ಸೆನೆಟ್ ತನ್ನ ನಡಾವಳಿ ಬದಲಿಸಿದ ಮೇಲೆ ಚರ್ಚೆ ಮುಗಿಸಲು 60 ಮತ ಬೇಕಿಲ್ಲ, ಸರಳ ಬಹುಮತ ಸಾಕು. 2019ರಿಂದ ಜಿಲ್ಲಾ ನ್ಯಾಯಾಧೀಶರ ಕುರಿತ ಕೊನೆಯ ಹಂತದ ಚರ್ಚೆಗೆ ಎರಡೇ ಗಂಟೆ. ಆದ್ದರಿಂದ ನೇಮಕದ ವರ್ಷವನ್ನು ನೇಮಿಸಿದವರ ಹೆಸರಿನ ಪಕ್ಕದಲ್ಲಿಟ್ಟು ಓದಿ. 1981ರ ‘ರೇಗನ್ ನೇಮಕ’ವೂ 2020ರ ‘ಟ್ರಂಪ್ ನೇಮಕ’ವೂ ಒಂದೇ ಜರಡಿಯಲ್ಲಿ ಬಿದ್ದವಲ್ಲ.

ಈಚೆಗೆ ನೇಮಕವಾದವರಾದರೆ ನ್ಯಾಯಾಂಗ ಸಮಿತಿಯ ಜಾಲತಾಣದಲ್ಲಿ ಅವರೇ ತುಂಬಿಕೊಟ್ಟ ಪ್ರಶ್ನಾವಳಿ ಸಿಗುತ್ತದೆ. ನಡೆಸಿದ ಹತ್ತು ಮುಖ್ಯ ಮೊಕದ್ದಮೆಗಳು, ಮಾಡಿದ ಭಾಷಣಗಳು, ಸದಸ್ಯರಾಗಿದ್ದ ಸಂಘಗಳು, ಎದುರು ನಿಂತ ವಕೀಲರ ಹೆಸರು ಎಲ್ಲವೂ ಅಲ್ಲಿರುತ್ತದೆ. ಜಾತಕ ಬರೆಯುವ ಪತ್ರಕರ್ತರು ಹೆಚ್ಚಿನವರು ಇದನ್ನು ತೆರೆಯುವುದೇ ಇಲ್ಲ. ಉದ್ದವಾಗಿದೆ, ನಿಜ. ಹತ್ತು ಮೊಕದ್ದಮೆಗಳ ಭಾಗವನ್ನಷ್ಟೇ ಓದಿ.

ನಾಲ್ಕನೆಯ ಹೆಜ್ಜೆ: ಕಡತ ಇವರ ಮೇಜಿಗೆ ಹೇಗೆ ಬಂತು?

ನಮ್ಮಲ್ಲಿ ಓ.ಎಸ್. 127/2025 ಎಂದರೆ ಮೂಲ ದಾವೆ, ಆ ವರ್ಷದ 127ನೆಯದು ಎಂದು ಗೊತ್ತಾಗುತ್ತದೆ. ಅಮೆರಿಕದ ಸಂಖ್ಯೆ ಇನ್ನೂ ಸ್ವಲ್ಪ ಹೆಚ್ಚು ಹೇಳುತ್ತದೆ. ಪೌರತ್ವದ ಆ ದಾವೆಯ ಸಂಖ್ಯೆ 2:25-ಸಿವಿ-00127-ಜೆಸಿಸಿ. ಮೊದಲ 2 ಸಿಯಾಟಲ್ ವಿಭಾಗವನ್ನು ಸೂಚಿಸುತ್ತದೆ, 25 ವರ್ಷ, ಸಿವಿ ಎಂದರೆ ಸಿವಿಲ್, ಆಮೇಲೆ ಕ್ರಮಸಂಖ್ಯೆ. ಕೊನೆಯ ಮೂರಕ್ಷರ ನ್ಯಾಯಾಧೀಶರ ಹೆಸರಿನವು: ಜಾನ್, ನಡುಹೆಸರಿನ ಸಿ, ಕೂಗೆನೌರ್. ಕ್ರಿಮಿನಲ್ ಆದರೆ ಸಿವಿ ಇರುವ ಕಡೆ ಸಿಆರ್ ಇರುತ್ತದೆ. ಈ ಸಂಖ್ಯೆ ಕೈಗೆ ಸಿಕ್ಕಿದರೆ ಮೊಕದ್ದಮೆಯ ದಿನಚರಿ ಸಿಕ್ಕಂತೆ.

ದಿನಚರಿ ಇರುವುದು ಪೇಸರ್ ಎಂಬ ಅಧಿಕೃತ ತಾಣದಲ್ಲಿ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ ಒಟ್ಟು 30 ಡಾಲರ್ ದಾಟದಿದ್ದರೆ ಹಣ ಕೇಳುವುದಿಲ್ಲ. ನ್ಯಾಯಾಧೀಶರ ತೀರ್ಪುಗಳಿಗೆ ಶುಲ್ಕವೇ ಇಲ್ಲ. ಅಷ್ಟೂ ಬೇಡವೆಂದರೆ ಕೋರ್ಟ್‌ಲಿಸನರ್ ಎಂಬ ಉಚಿತ ತಾಣವಿದೆ. ಸುದ್ದಿಯಾದ ಮೊಕದ್ದಮೆಗಳ ಕಾಗದಗಳನ್ನು ಯಾರಾದರೂ ಪುಣ್ಯಾತ್ಮರು ಅಲ್ಲಿ ಹಾಕಿರುತ್ತಾರೆ. ನಾನು ಮೊದಲು ಹುಡುಕುವುದು ಅಲ್ಲೇ.

ಸಾಮಾನ್ಯವಾಗಿ ಕಡತಗಳ ಹಂಚಿಕೆ ಚೀಟಿ ಎತ್ತಿದಂತೆ, ಈಗ ಕಂಪ್ಯೂಟರ್ ಎತ್ತುತ್ತದೆ. ಆದರೆ ಒಂದೇ ಜಡ್ಜ್ ಇರುವ ಊರುಗಳಿವೆ. ಟೆಕ್ಸಸ್‌ನ ಅಮರಿಲೊದಲ್ಲಿ ದಾವೆ ಹಾಕಿದರೆ ಅದು ಮ್ಯಾಥ್ಯೂ ಕಾಸ್ಮರಿಕ್ ಅವರ ಮುಂದೆಯೇ ಹೋಗುತ್ತದೆ ಎಂಬುದು ಬಹುಮಟ್ಟಿಗೆ ಖಚಿತವಾಗಿದ್ದರಿಂದ, ದೇಶದ ನೀತಿಗಳನ್ನು ಪ್ರಶ್ನಿಸುವವರು ಅಲ್ಲಿಗೇ ಬಸ್ಸು ಹತ್ತುತ್ತಿದ್ದರು. ಟೆಕ್ಸಸ್‌ನದೇ ವೇಕೊದಲ್ಲಿ ಪೇಟೆಂಟ್ ದಾವೆಗಳ ರಾಶಿ ಒಬ್ಬರ ಮುಂದೆಯೇ ಬೀಳುತ್ತಿತ್ತು. 2022ರ ಜುಲೈನಲ್ಲಿ ಅವುಗಳನ್ನು ಜಿಲ್ಲೆಯ ಹನ್ನೆರಡು ಜನರಿಗೆ ಹಂಚಬೇಕೆಂದು ಆದೇಶವಾಯಿತು. ಆದ್ದರಿಂದ ‘ಇವರಿಗೇ ಯಾಕೆ ಬಂತು’ ಎಂದು ಕೇಳಿ. ಉತ್ತರ ಕೆಲವೊಮ್ಮೆ ನ್ಯಾಯಾಧೀಶರ ಬಗ್ಗೆ ಏನನ್ನೂ ಹೇಳದೆ, ದಾವೆ ಹಾಕಿದವರ ಬಗ್ಗೆ ಎಲ್ಲವನ್ನೂ ಹೇಳಿಬಿಡುತ್ತದೆ.

ಐದನೆಯ ಹೆಜ್ಜೆ: ಆದೇಶ ಯಾವ ಹಂತದ್ದು?

ಇದನ್ನು ಬೇಗ ಮುಗಿಸುತ್ತೇನೆ. ಜನವರಿ 23ರದು ತುರ್ತು ತಡೆ. ಅದರ ಆಯುಸ್ಸು 14 ದಿನ. ಫೆಬ್ರುವರಿ 6ರಂದು ಅದೇ ನ್ಯಾಯಾಧೀಶರು ಕೊಟ್ಟದ್ದು ಮೊಕದ್ದಮೆ ಮುಗಿಯುವವರೆಗಿನ ತಡೆಯಾಜ್ಞೆ. ಎರಡೂ ಅಂತಿಮ ತೀರ್ಪಲ್ಲ. ಸಾಕ್ಷಿ ವಿಚಾರಣೆ ನಡೆದು, ಇಲ್ಲವೇ ಸಂಗತಿಯ ಬಗ್ಗೆ ತಕರಾರೇ ಇಲ್ಲವೆಂದಾಗ ಬರುವುದು ತೀರ್ಪು. ಸುದ್ದಿಯ ತಲೆಬರಹದಲ್ಲಿ ಮೂರಕ್ಕೂ ‘ತೀರ್ಪು’ ಎಂದೇ ಇರುತ್ತದೆ. ಇನ್ನೊಂದು ಮಾತು: ಫೆಡರಲ್ ಕ್ರಿಮಿನಲ್ ಆರೋಪಿಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ತಪ್ಪೊಪ್ಪಿಕೊಳ್ಳುತ್ತಾರೆ, ಪೂರ್ಣ ವಿಚಾರಣೆಗೆ ಹೋಗುವವರು ನೂರಕ್ಕೆ ಎರಡು ಮೂರು. ಆದ್ದರಿಂದ ‘ವಿಚಾರಣಾ ನ್ಯಾಯಾಧೀಶ’ರ ಕಸುಬು ಇಂದು ಬಹುಪಾಲು ಅರ್ಜಿ ಓದುವುದು, ಶಿಕ್ಷೆ ನಿರ್ಧರಿಸುವುದು.

ಆರನೆಯ ಹೆಜ್ಜೆ: ಮೇಲಿನ ಕೋರ್ಟು ಏನೆಂದಿತು?

ನ್ಯಾಯಾಧೀಶರ ಮೇಲೆ ಸಿಟ್ಟು ಬಂದವರು ಮೊದಲು ಎತ್ತುವ ಕಲ್ಲು ‘ಇವರ ತೀರ್ಪುಗಳನ್ನು ಮೇಲಿನ ಕೋರ್ಟು ಎಷ್ಟು ಸಲ ತಳ್ಳಿಹಾಕಿದೆ, ಗೊತ್ತೇ?’ ಎಂಬುದು. ಲೆಕ್ಕ ಹಾಕಿ, ಆದರೆ ಲೆಕ್ಕದ ಮುನ್ನ ಎರಡು ವಿಷಯ ತಿಳಿದಿರಲಿ. ಮೇಲ್ಮನವಿಗೆ ಹೋಗುವುದು ಕೆಲವೇ ಮೊಕದ್ದಮೆಗಳು, ಅವೂ ಹೆಚ್ಚು ಜಟಿಲವಾದವು. ಮತ್ತು ಮೇಲಿನವರು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಸಾಕ್ಷಿ ನಿಜ ಹೇಳಿದನೋ ಸುಳ್ಳೋ ಎಂಬಂತಹ ಸಂಗತಿಗಳಲ್ಲಿ, ಎದುರಿಗೆ ಕುಳಿತು ಕೇಳಿದ ಕೆಳಗಿನವರ ಮಾತನ್ನೇ ಬಹುಮಟ್ಟಿಗೆ ಒಪ್ಪುತ್ತಾರೆ. ಕಾನೂನಿನ ಅರ್ಥದ ಪ್ರಶ್ನೆಯಾದರೆ ಹೊಸದಾಗಿ ನೋಡುತ್ತಾರೆ. ಶಿಕ್ಷೆಯ ಪ್ರಮಾಣದಂತಹ ವಿವೇಚನೆಯ ವಿಷಯಗಳಲ್ಲಿ ಮಿತಿ ಮೀರಿದರೆ ಮಾತ್ರ ಕೈ ಹಾಕುತ್ತಾರೆ.

ಕೂಗೆನೌರ್ ಅವರ ವೃತ್ತಿಬದುಕಿನಲ್ಲಿ ಇದನ್ನೆಲ್ಲ ಒಂದೇ ಮೊಕದ್ದಮೆಯಲ್ಲಿ ಕಾಣಬಹುದು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

1999ರ ಡಿಸೆಂಬರ್ 14ರಂದು ಕೆನಡಾದ ವಿಕ್ಟೋರಿಯಾದಿಂದ ಹೊರಟ ದೋಣಿಯಿಂದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಏಂಜಲಿಸ್‌ನಲ್ಲಿ ಇಳಿದ ಕಾರೊಂದನ್ನು ಸುಂಕದ ಅಧಿಕಾರಿಗಳು ನಿಲ್ಲಿಸಿದರು. ಡಿಕ್ಕಿಯಲ್ಲಿ ಸ್ಫೋಟಕ. ಓಡಿಸುತ್ತಿದ್ದವನು ಅಲ್ಜೀರಿಯಾದ ಅಹ್ಮದ್ ರೆಸ್ಸಾಂ. ಗುರಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣ. 2001ರಲ್ಲಿ ಜ್ಯೂರಿ ಅವನನ್ನು ಅಪರಾಧಿ ಎಂದಿತು. ಆಮೇಲೆ ಅವನು ಸರ್ಕಾರಕ್ಕೆ ಸಾಕಷ್ಟು ಮಾಹಿತಿ ಕೊಟ್ಟ, ಕೆಲವು ಕಾಲದ ಬಳಿಕ ಬಾಯಿ ಮುಚ್ಚಿದ. ಶಿಕ್ಷೆಯ ಮಾರ್ಗಸೂಚಿಯ ಲೆಕ್ಕದಲ್ಲಿ ಅವನಿಗೆ 65 ವರ್ಷದಿಂದ ಜೀವಾವಧಿಯವರೆಗೆ ಆಗಬೇಕಿತ್ತು. ಆದರೆ 2005ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಮಾರ್ಗಸೂಚಿಗಳು ಕಡ್ಡಾಯವಲ್ಲ, ಸಲಹೆ ಮಾತ್ರ ಎಂದಿತ್ತು. ಅದೇ ವರ್ಷದ ಜುಲೈನಲ್ಲಿ ಕೂಗೆನೌರ್ ಕೊಟ್ಟದ್ದು 22 ವರ್ಷ. ಗುಪ್ತ ಮಿಲಿಟರಿ ನ್ಯಾಯಮಂಡಳಿಗಳಿಲ್ಲದೆ, ತೆರೆದ ಕೋರ್ಟಿನಲ್ಲಿ, ವಕೀಲರ ಸಮ್ಮುಖದಲ್ಲಿ ಈ ಕೆಲಸ ಆಯಿತು ಎಂಬುದನ್ನೂ ಅವರು ಪೀಠದಿಂದ ಹೇಳಿದರು. ಭಯೋತ್ಪಾದನೆಯ ಶಂಕಿತರನ್ನು ವಿಚಾರಣೆಯಿಲ್ಲದೆ ಇಟ್ಟಿದ್ದ ಅಮೆರಿಕದ ಗ್ವಾಂಟನಾಮೊ ಸೆರೆಮನೆಯ ವಿವಾದ ಬಿಸಿಯಾಗಿದ್ದ ಕಾಲ ಅದು.

ಮೇಲ್ಮನವಿಗಳು ನಡೆದವು. ಕಡತ ಸುಪ್ರೀಂ ಕೋರ್ಟಿಗೂ ಹೋಗಿ ಬಂತು. 2008ರಲ್ಲಿ ಮತ್ತೆ ಶಿಕ್ಷೆ ನಿರ್ಧರಿಸಬೇಕಾಗಿ ಬಂದಾಗ ಸರ್ಕಾರ ಜೀವಾವಧಿ ಕೇಳಿತು. ಕೂಗೆನೌರ್ ಮತ್ತೆ 22 ವರ್ಷವನ್ನೇ ಕೊಟ್ಟರು. 2012ರಲ್ಲಿ, ಸಿಯಾಟಲ್ ಭಾಗದ ಮೇಲ್ಮನವಿಗಳನ್ನು ಕೇಳುವ ಒಂಬತ್ತನೆಯ ಮೇಲ್ಮನವಿ ನ್ಯಾಯಾಲಯದ ವಿಸ್ತೃತ ಪೀಠ, ಇದು ವಿವೇಚನೆಯ ಮಿತಿಗಿಂತ ಕೆಳಗಿದೆ ಎಂದು ಶಿಕ್ಷೆಯನ್ನು ರದ್ದು ಮಾಡಿ ಹಿಂದಕ್ಕೆ ಕಳಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೂಗೆನೌರ್ 37 ವರ್ಷಕ್ಕೆ ಏರಿಸಿದರು.

ಲೆಕ್ಕದ ಪುಸ್ತಕದಲ್ಲಿ ಇದು ‘ತಳ್ಳಿಹಾಕಿದ ತೀರ್ಪು’ ಎಂಬ ಒಂದು ಗೆರೆ. ಓದಿದವರಿಗೆ ಇದು ರೇಗನ್ ನೇಮಿಸಿದ ಒಬ್ಬ ಮನುಷ್ಯ ಭಯೋತ್ಪಾದನೆಯ ಮೊಕದ್ದಮೆಯಲ್ಲಿ ಏಳು ವರ್ಷ ತಮ್ಮ ಲೆಕ್ಕಕ್ಕೆ ಅಂಟಿಕೊಂಡು ನಿಂತದ್ದು, ಕೊನೆಗೆ ಮೇಲಿನವರ ಮಾತಿಗೆ ಬಾಗಿಯೂ ಜೀವಾವಧಿಗೆ ಹೋಗದೆ ಇದ್ದದ್ದು. ಅವರು ಸರಿಯೇ ತಪ್ಪೇ ಎಂಬ ಬಗ್ಗೆ ನನಗೇ ಎರಡು ಮನಸ್ಸು. ಆದರೆ ಪೌರತ್ವದ ಆದೇಶ ಬಂದ ದಿನ ‘ರೇಗನ್ ಜಡ್ಜ್ ಹೀಗೆ ಮಾಡಿದರಲ್ಲ’ ಎಂದು ಬೆರಗಾದವರು ಈ ಕಡತವನ್ನು ಓದಿರಲಿಲ್ಲ.

ಆ ಪೌರತ್ವದ ಆದೇಶವೂ ಮೇಲಕ್ಕೆ ಹೋಯಿತು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6–3ರಲ್ಲಿ, ಒಬ್ಬ ಜಿಲ್ಲಾ ನ್ಯಾಯಾಧೀಶರು ಕಕ್ಷಿದಾರರನ್ನು ದಾಟಿ ಇಡೀ ದೇಶಕ್ಕೆ ತಡೆ ಹಬ್ಬಿಸುವುದಕ್ಕೆ ಮಿತಿ ಹಾಕಿತು. ಮಕ್ಕಳ ಪೌರತ್ವದ ಮೂಲ ಪ್ರಶ್ನೆಗೆ ಆ ದಿನ ಅದು ಉತ್ತರಿಸಲಿಲ್ಲ. ಮುಂದಿನ ತಿಂಗಳು ಒಂಬತ್ತನೆಯ ಮೇಲ್ಮನವಿ ನ್ಯಾಯಾಲಯ 2–1ರಲ್ಲಿ ಕೂಗೆನೌರ್ ಅವರ ತಡೆಯನ್ನು ಎತ್ತಿಹಿಡಿಯಿತು. ಜೂನ್‌ನ ಸುದ್ದಿಯನ್ನು ‘ಸಿಯಾಟಲ್ ಜಡ್ಜ್‌ಗೆ ಮುಖಭಂಗ’ ಎಂದು ಓದಿ ಬಿಟ್ಟವರಿಗೆ ಜುಲೈನದು ತಲುಪಲೇ ಇಲ್ಲ.

ಏಳನೆಯ ಹೆಜ್ಜೆ: ಹಣ, ಷೇರು, ನಿಧಾನ

ಜಿಲ್ಲಾ ನ್ಯಾಯಾಧೀಶರ ಸಂಬಳ 2025ರಲ್ಲಿ ವರ್ಷಕ್ಕೆ 2,47,400 ಡಾಲರ್. ಹುದ್ದೆಯಲ್ಲಿರುವವರೆಗೆ ಅದನ್ನು ಕಡಿಮೆ ಮಾಡುವಂತಿಲ್ಲವೆಂದು ಸಂವಿಧಾನವೇ ಹೇಳುತ್ತದೆ. ನಮಗೆ ಇದು ದೊಡ್ಡ ಮೊತ್ತ. ನ್ಯೂಯಾರ್ಕಿನ ದೊಡ್ಡ ವಕೀಲ ಸಂಸ್ಥೆಗಳಲ್ಲಿ ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರಿಗೆ ಮೊದಲ ವರ್ಷವೇ 2,25,000 ಕೊಡುತ್ತಾರೆ.

ಆಸ್ತಿಯ ವಿವರವನ್ನು ಪ್ರತಿವರ್ಷ ಸಲ್ಲಿಸಬೇಕು. 2022ರ ಕಾಯ್ದೆಯ ನಂತರ ಅವು ಜಾಲತಾಣದಲ್ಲಿ ಸಿಗುತ್ತವೆ. ಆ ಕಾಯ್ದೆ ಬಂದದ್ದಕ್ಕೆ ಕಾರಣವಿದೆ: ತಮ್ಮ ಬಳಿಯೋ ಕುಟುಂಬದ ಬಳಿಯೋ ಷೇರು ಇದ್ದ ಕಂಪನಿಗಳ ಮೊಕದ್ದಮೆಗಳನ್ನು 131 ನ್ಯಾಯಾಧೀಶರು ಕೇಳಿದ್ದರೆಂದು 2021ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ತೆ ಮಾಡಿತ್ತು. ನಿಯಮ ಬಿಗಿಯಾಗಿದೆ, ಒಂದೇ ಒಂದು ಷೇರು ಇದ್ದರೂ ಹಿಂದೆ ಸರಿಯಬೇಕು. ದೊಡ್ಡ ಕಂಪನಿಯ ಮೊಕದ್ದಮೆಯಾದರೆ ಈ ಪಟ್ಟಿಯನ್ನು ನೋಡದೆ ಬರೆಯಬೇಡಿ.

ಆದರೆ ಹಿತಾಸಕ್ತಿ ಬೇರೆ, ಹುಟ್ಟು ಬೇರೆ. ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅಮೆರಿಕದ ಮೊದಲ ಕಪ್ಪು ಮಹಿಳಾ ಫೆಡರಲ್ ನ್ಯಾಯಾಧೀಶೆ. 1966ರಲ್ಲಿ ಲಿಂಡನ್ ಜಾನ್ಸನ್ ಸೂಚಿಸಿದಾಗ ಸೆನೆಟ್‌ನ ಒಪ್ಪಿಗೆಗೆ ಏಳು ತಿಂಗಳು ಕಾದವರು. ಅದಕ್ಕೂ ಮೊದಲು ವಕೀಲೆಯಾಗಿ ಸುಪ್ರೀಂ ಕೋರ್ಟಿನಲ್ಲಿ ಹತ್ತು ಮೊಕದ್ದಮೆ ವಾದಿಸಿ ಒಂಬತ್ತನ್ನು ಗೆದ್ದಿದ್ದರು. 1975ರಲ್ಲಿ ದೊಡ್ಡ ವಕೀಲ ಸಂಸ್ಥೆಯೊಂದರ ವಿರುದ್ಧ ಲಿಂಗತಾರತಮ್ಯದ ದಾವೆ ಅವರ ಮುಂದೆ ಬಂತು. ನೀವು ಹೆಣ್ಣು, ನಾಗರಿಕ ಹಕ್ಕುಗಳ ವಕೀಲೆಯಾಗಿದ್ದವರು, ಹಿಂದೆ ಸರಿಯಿರಿ ಎಂದಿತು ಎದುರು ಪಕ್ಷ. ನ್ಯಾಯಾಧೀಶರ ಜನಾಂಗ, ಲಿಂಗ, ಹಿನ್ನೆಲೆಗಳೇ ಕಾರಣವಾಗುವುದಾದರೆ ಈ ಕೋರ್ಟಿನ ಯಾವೊಬ್ಬರೂ ಈ ದಾವೆ ಕೇಳುವಂತಿಲ್ಲವಲ್ಲ ಎಂಬುದು ಅವರ ಉತ್ತರದ ಸಾರ. ಸರಿಯಲಿಲ್ಲ. ಗಂಡಸೂ ಒಂದು ಲಿಂಗವೇ ಎಂಬುದು ಅವತ್ತು ಆ ವಕೀಲರಿಗೆ ಹೊಳೆದಿರಲಿಲ್ಲ.

ಇನ್ನು ನಿಧಾನ. 1990ರ ಕಾಯ್ದೆಯೊಂದರ ಪ್ರಕಾರ ವರ್ಷಕ್ಕೆರಡು ಸಲ, ಮಾರ್ಚ್ 31 ಮತ್ತು ಸೆಪ್ಟೆಂಬರ್ 30ರ ಲೆಕ್ಕದಲ್ಲಿ, ಆರು ತಿಂಗಳಿಗೂ ಹೆಚ್ಚು ಕಾಲ ನಿರ್ಧಾರವಾಗದೆ ಕುಳಿತ ಅರ್ಜಿಗಳ ಪಟ್ಟಿ ನ್ಯಾಯಾಧೀಶರ ಹೆಸರಿನೊಂದಿಗೇ ಪ್ರಕಟವಾಗುತ್ತದೆ. ದಂಡವಿಲ್ಲ, ಶಿಸ್ತುಕ್ರಮವಿಲ್ಲ, ಹೆಸರು ಅಚ್ಚಾಗುತ್ತದೆ ಅಷ್ಟೇ. ಅದಕ್ಕೇ ಆ ಎರಡು ತಿಂಗಳುಗಳ ಕೊನೆಯ ವಾರ ಆದೇಶಗಳ ಸುರಿಮಳೆಯಾಗುತ್ತದೆ. ಭಾವನಿಗೆ ಈ ಪಟ್ಟಿಯ ಬಗ್ಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

ಎಂಟನೆಯ ಹೆಜ್ಜೆ: ವಯಸ್ಸಿನ ಲೆಕ್ಕ

83ರಲ್ಲಿ ಯಾಕಿನ್ನೂ ಕೂತಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಜಾತಕದ 2006ರ ಸಾಲಿನಲ್ಲಿದೆ. 65 ತುಂಬಿ 15 ವರ್ಷ ಸೇವೆಯಾಗಿದ್ದರೆ, ಅಥವಾ ವಯಸ್ಸು ಹೆಚ್ಚಾದಂತೆ ಸೇವೆ ಕಡಿಮೆಯಾಗಿ ಎರಡೂ ಕೂಡಿ 80 ಆದರೆ, ಹಿರಿಯ ಸ್ಥಾನಕ್ಕೆ ಸರಿಯಬಹುದು. 70ಕ್ಕೆ 10 ವರ್ಷದ ಸೇವೆ ಸಾಕು. ಸಂಬಳ ನಿಲ್ಲುವುದಿಲ್ಲ, ಕೆಲಸ ತಮಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು, ಅವರ ಜಾಗ ಮಾತ್ರ ಖಾಲಿ ಎಂದು ಲೆಕ್ಕವಾಗಿ ಅಂದಿನ ಅಧ್ಯಕ್ಷರಿಗೆ ಹೊಸ ನೇಮಕದ ಅವಕಾಶ ಸಿಗುತ್ತದೆ. ಯಾರ ಆಡಳಿತದಲ್ಲಿ ಸರಿದರು ಎಂದು ನೋಡುವುದನ್ನು ಮರೆಯಬೇಡಿ. ನೇಮಿಸಿದವರ ಹೆಸರಿಗಿಂತ ಇದು ಕೆಲವೊಮ್ಮೆ ಹೆಚ್ಚು ಹೇಳುತ್ತದೆ, ಏಕೆಂದರೆ ಇದು ನ್ಯಾಯಾಧೀಶರದೇ ಆಯ್ಕೆ. ಕಾನ್ಸಸ್‌ನ ವೆಸ್ಲಿ ಬ್ರೌನ್ ಅವರನ್ನು 1962ರಲ್ಲಿ ಕೆನಡಿ ನೇಮಿಸಿದ್ದರು. 2012ರಲ್ಲಿ 104ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರ ಕೈಯಲ್ಲಿ ಕಡತಗಳಿದ್ದವು.

ತಾವಾಗಿ ಹೋಗದವರನ್ನು ಕಳಿಸಲು ಇರುವುದು ಮಹಾಭಿಯೋಗ ಒಂದೇ. 1789ರಿಂದ ಕೆಳಮನೆ ಮಹಾಭಿಯೋಗಕ್ಕೆ ಗುರಿಪಡಿಸಿದ ಫೆಡರಲ್ ನ್ಯಾಯಾಧೀಶರು 15, ಸೆನೆಟ್ ಹುದ್ದೆಯಿಂದ ಇಳಿಸಿದವರು 8. ಅವರಲ್ಲೊಬ್ಬರಾದ ಫ್ಲಾರಿಡಾದ ಆಲ್ಸಿ ಹೇಸ್ಟಿಂಗ್ಸ್ 1989ರಲ್ಲಿ ಹುದ್ದೆ ಕಳೆದುಕೊಂಡು, 1992ರ ಚುನಾವಣೆಯಲ್ಲಿ ಗೆದ್ದು, ತಮ್ಮ ಮೇಲೆ ಆರೋಪ ಹೊರಿಸಿದ್ದ ಅದೇ ಕೆಳಮನೆಯಲ್ಲಿ ಹೋಗಿ ಕುಳಿತರು.

ಒಂಬತ್ತನೆಯ ಹೆಜ್ಜೆ, ಅಲ್ಲಿರುವವರಿಗೆ ಮಾತ್ರ

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಅನೇಕರು ಫೆಡರಲ್ ನ್ಯಾಯಾಧೀಶರನ್ನು ಮೊದಲ ಸಲ ಕಂಡಿರುವುದು ಪೌರತ್ವದ ಪ್ರಮಾಣವಚನದ ದಿನ. ಆ ದಿನ ಎಲ್ಲರೂ ನಗುತ್ತಿರುತ್ತಾರೆ, ಚಿತ್ರ ತೆಗೆಸಿಕೊಳ್ಳುತ್ತಾರೆ. ಅದು ಲೆಕ್ಕಕ್ಕಿಲ್ಲ. ಬೇರೊಂದು ದಿನ ರಜೆ ಹಾಕಿ ಹೋಗಿ. ಕೋರ್ಟ್ ಹಾಲ್ ಸಾರ್ವಜನಿಕರಿಗೆ ತೆರೆದಿರುತ್ತದೆ, ಕಾರಣ ಹೇಳಬೇಕಾಗಿಲ್ಲ. ಗುರುತಿನ ಚೀಟಿ ಇಟ್ಟುಕೊಳ್ಳಿ. ಮೊಬೈಲ್ ಒಳಗೆ ಬಿಡುವ ನಿಯಮ ಕೋರ್ಟಿನಿಂದ ಕೋರ್ಟಿಗೆ ಬೇರೆ, ಮೊದಲೇ ಜಾಲತಾಣದಲ್ಲಿ ನೋಡಿ. ಅದೇ ತಾಣದಲ್ಲಿ ಆ ನ್ಯಾಯಾಧೀಶರ ಸ್ವಂತ ನಿಯಮಗಳ ಪುಟವೂ ಇರುತ್ತದೆ: ಅರ್ಜಿ ಎಷ್ಟು ಪುಟ ಮೀರಬಾರದು, ಅಕ್ಷರದ ಗಾತ್ರ ಎಷ್ಟು, ಕಚೇರಿಗೆ ಯಾವಾಗ ಫೋನ್ ಮಾಡಬಾರದು. ಸ್ವಭಾವ ತಿಳಿಯಲು ಇದಕ್ಕಿಂತ ಒಳ್ಳೆಯ ದಾಖಲೆ ನಾನು ಕಂಡಿಲ್ಲ.

ದಿನಪಟ್ಟಿಯಲ್ಲಿ ‘ಶಿಕ್ಷೆ ಪ್ರಕಟಣೆ’ ಎಂದಿರುವುದನ್ನು ಆರಿಸಿಕೊಳ್ಳಿ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತರೆ ಮುಂದಿನ ಎರಡು ಸಾಲುಗಳಲ್ಲಿ ಒಂದು ಕಡೆ ಆರೋಪಿಯ ತಾಯಿಯೋ ಹೆಂಡತಿಯೋ, ಇನ್ನೊಂದು ಕಡೆ ನಷ್ಟವಾದವರು ಕುಳಿತಿರುತ್ತಾರೆ. ಸರ್ಕಾರಿ ವಕೀಲರು ಒಂದು ಸಂಖ್ಯೆ ಹೇಳುತ್ತಾರೆ, ಆರೋಪಿಯ ವಕೀಲರು ಇನ್ನೊಂದು. ಕೊನೆಗೆ ಆರೋಪಿಯನ್ನೇ ಮಾತನಾಡುವಂತೆ ಕೇಳಬೇಕೆಂಬುದು ನಿಯಮ. ಅವನು ಮಾತನಾಡುವಾಗ ನ್ಯಾಯಾಧೀಶರ ಕೈ ನೋಡಿ: ಮೊದಲೇ ಬೆರಳಚ್ಚಾದ ಹಾಳೆಯನ್ನು ತಿರುವುತ್ತಿದೆಯೇ, ಪೆನ್ನು ತೆಗೆದುಕೊಂಡು ಏನನ್ನಾದರೂ ತಿದ್ದುತ್ತಿದೆಯೇ ಎಂದು.